ಮೊಳೆಗೆ ನೇತುಹಾಕಿದ ಪುಸ್ತಕ

ಮುಂಬಯಿ ಬಳಿಯ ಡೊಂಬಿವಲಿ ಪೂರ್ವದಿಂದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಊರು ಕಾರ್ಕಳದ ಕಡೆ, ಬ್ಯಾಂಕಿನಿಂದ ನಿವೃತ್ತರು. ಮಗಳಿಗೆ ಬಂದ ಮೂರು ಸಂಬಂಧಗಳು ಜಾತಕ ಕೂಡಲಿಲ್ಲವೆಂದು ತಪ್ಪಿಹೋದವಂತೆ. ಇವರೆಲ್ಲ ಏನು ನೋಡಿ ಹೇಳುತ್ತಾರೆ, ನಾನೇ ಕಲಿತು ನೋಡುತ್ತೇನೆ ಎಂಬ ಹಟಕ್ಕೆ ಬಿದ್ದು ಒಂಬತ್ತು ಪುಸ್ತಕ ಕೊಂಡಿದ್ದಾರೆ. ಮೊಬೈಲ್ ಇರುವಾಗ ಪುಸ್ತಕವೇಕೆ ಎನ್ನುತ್ತಾನೆ ಮಗ. ಇಂಗ್ಲಿಷಿನಲ್ಲಿ ಓದು, ಬೇಗ ತಿಳಿಯುತ್ತದೆ ಎನ್ನುತ್ತಾರೆ ಗೆಳೆಯರು. ಸಂಸ್ಕೃತ ಮೂಲವಿಲ್ಲದೆ ಕೈಹಾಕಬೇಡಿ ಎನ್ನುತ್ತಾರೆ ದೇವಸ್ಥಾನದ ಭಟ್ಟರು. ‘ವೈದಿಕ ಜ್ಯೋತಿಷ್ಯಕ್ಕೆ ಹೊಸಬನಾದ ನಾನು ಯಾವ ಪುಸ್ತಕದಿಂದ ಆರಂಭಿಸಲಿ?’ ಎಂಬುದು ಪ್ರಶ್ನೆ.

ಮಾನ್ಯರೇ,

ಈ ವಿಷಯ ಬಂದರೆ ನನ್ನ ಪೆನ್ನು ನಿಲ್ಲುವುದಿಲ್ಲವೆಂದು ನಮ್ಮ ಕಚೇರಿಯವರಿಗೆ ಗೊತ್ತು. ಅದಕ್ಕೇ ನಿಮ್ಮ ಪತ್ರವನ್ನು ಕಡತದ ಅಡಿಗೆ ಸೇರಿಸಿಟ್ಟಿದ್ದರು. ಹೇಗೋ ಕೈಗೆ ಸಿಕ್ಕಿತು.

ಮೊದಲು ಸ್ವಲ್ಪ ಬಯ್ಯುತ್ತೇನೆ. ಒಂಬತ್ತು ಪುಸ್ತಕ ಕೊಂಡಾದ ಮೇಲೆ ಯಾವುದರಿಂದ ಆರಂಭಿಸಲಿ ಎಂದು ಕೇಳುವುದು, ತಾಳಿ ಕಟ್ಟಿದ ಮೇಲೆ ನಕ್ಷತ್ರ ಕೂಡಿಸಿದ ಹಾಗಾಯಿತು. ಬ್ಯಾಂಕಿನಲ್ಲಿದ್ದವರು ನೀವು, ಜಾಮೀನು ನೋಡದೆ ಯಾರಿಗಾದರೂ ಸಾಲ ಕೊಟ್ಟಿದ್ದುಂಟೇ? ಆದರೂ ನಿಮ್ಮ ಹಟ ನನಗೆ ಹಿಡಿಸಿತು. ಮಗಳ ಮದುವೆ ತಪ್ಪಿದ್ದಕ್ಕೆ ಶಾಂತಿ ಮಾಡಿಸಲು ಓಡುವವರೇ ಹೆಚ್ಚು. ನೀವು ಪುಸ್ತಕದಂಗಡಿಗೆ ಓಡಿದಿರಿ.

ಗೆಳೆಯರ ಮಾತನ್ನು ತಳ್ಳಿಹಾಕಲಾರೆ. ಬೆಂಗಳೂರಿನ ಬಿ.ವಿ. ರಾಮನ್ ಇಂಗ್ಲಿಷಿನಲ್ಲಿ ಬರೆದ ಪುಸ್ತಕಗಳು ಹೊಸಬರಿಗೂ ತಿಳಿಯುವಂಥವು. ಅವರ ಅಜ್ಜ ಸೂರ್ಯನಾರಾಯಣ ರಾಯರು 1895ರಲ್ಲಿ ಆರಂಭಿಸಿದ್ದ ಜ್ಯೋತಿಷ್ಯ ಪತ್ರಿಕೆಯನ್ನು 1936ರಲ್ಲಿ ಮತ್ತೆ ಎಬ್ಬಿಸಿ ದಶಕಗಳ ಕಾಲ ನಡೆಸಿದವರು ಅವರು. ತಿಂಗಳ ಪತ್ರಿಕೆ ನಡೆಸುವ ಕಷ್ಟ ಬಲ್ಲ ನಾನು ಅದೊಂದಕ್ಕೇ ಕೈಮುಗಿಯುತ್ತೇನೆ. ಓದಿ, ಆದರೆ ಮೊದಲು ಬೇಡ.

ಮೊದಲ ಪುಸ್ತಕ ನಿಮ್ಮ ಒಂಬತ್ತರಲ್ಲಿ ಇಲ್ಲವೇ ಇಲ್ಲ. ಒಂದು ಮಸಾಲೆ ದೋಸೆ, ಒಂದು ಕಾಫಿಯ ದುಡ್ಡಿಗೆ ಸಿಗುವ ಈ ವರ್ಷದ ಪಂಚಾಂಗ ಅದು. ಮೂಲೆಯಲ್ಲಿ ತೂತು ಮಾಡಿ ದಾರ ಕಟ್ಟಿ ಮೊಳೆಗೆ ನೇತುಹಾಕುತ್ತಾರಲ್ಲ, ಅದೇ. ಒಂದು ವರ್ಷ ಅದನ್ನು ಬಿಟ್ಟು ಬೇರೇನೂ ಓದಬೇಡಿ.

ನಮ್ಮ ತಂದೆ ಪರೇಲಿನ ಗಿರಣಿಯಲ್ಲಿ ಗುಮಾಸ್ತರಾಗಿದ್ದರು. ಗಿರಗಾಂವಿನ ಚಾಳಿನ ಒಂದೂವರೆ ಕೋಣೆಯಲ್ಲಿ ನಾವು ಏಳು ಜನ, ಎಂಟನೆಯದು ಬಾಗಿಲ ಹಿಂದೆ ನೇತಾಡುವ ಪಂಚಾಂಗ. ಬೆಳಿಗ್ಗೆ ಆ ದಿನದ ಸಾಲನ್ನು ಗಟ್ಟಿಯಾಗಿ ಓದುವುದು ನನ್ನ ಕೆಲಸ: ತಿಥಿ, ವಾರ, ನಕ್ಷತ್ರ, ಯೋಗ, ಕರಣ. ಆಗಿನ ಅಗ್ಗದ ಮುದ್ರಣದಲ್ಲಿ ಶಾಯಿ ಹರಡಿ ಕನ್ನಡದ ೬ ಯಾವುದು, ೯ ಯಾವುದು ತಿಳಿಯುತ್ತಿರಲಿಲ್ಲ. ಒಂದು ದ್ವಾದಶಿಯಂದು ೬ ಘಳಿಗೆ ಇದ್ದುದನ್ನು ೯ ಎಂದು ಓದಿಬಿಟ್ಟೆ. ಏಕಾದಶಿಯ ಉಪವಾಸವಿದ್ದ ಅಮ್ಮ, ಪಾರಣೆಗೆ ಇನ್ನೂ ಹೊತ್ತಿದೆಯೆಂದು ನಲ್ಲಿಯ ಸಾಲಿನಲ್ಲಿ ನಿಂತರು. ಅವರು ಬರುವಷ್ಟರಲ್ಲಿ ದ್ವಾದಶಿ ಮುಗಿದಿತ್ತು. ತಂದೆ ಬಯ್ಯಲಿಲ್ಲ. ಸ್ಲೇಟು ತರಿಸಿ, ಒಂದು ಘಳಿಗೆಗೆ 24 ನಿಮಿಷ, ಮೂರು ಘಳಿಗೆಗೆ ಎಷ್ಟು ಎಂದು ಕೇಳಿದರು. ಎಪ್ಪತ್ತೆರಡು ಎಂದೆ. ‘ಅಷ್ಟು ನಿಮಿಷ ನಿನ್ನ ಅಮ್ಮನ ಹಸಿವೆ’ ಎಂದರು. ಘಳಿಗೆಯನ್ನು ಸೂರ್ಯೋದಯದಿಂದ ಎಣಿಸಬೇಕು, ಊರಿನ ಸೂರ್ಯೋದಯವೇ ಬೇರೆ, ಮುಂಬಯಿಯದೇ ಬೇರೆ ಎಂದು ನಾನು ಕಲಿತದ್ದು ಆ ಸ್ಲೇಟಿನ ಮೇಲೆ.

ಓದಿದ್ದನ್ನು ರಾತ್ರಿ ತಾರಸಿಗೆ ಹೋಗಿ ತಾಳೆ ನೋಡಿ. ಡೊಂಬಿವಲಿಯ ಬೆಳಕಿನಲ್ಲಿ ಇಪ್ಪತ್ತೇಳೂ ನಕ್ಷತ್ರಗಳು ಕಾಣುವುದಿಲ್ಲ, ನಿಜ. ಆದರೆ ರೋಹಿಣಿ, ಮಘಾ, ಚಿತ್ತಾ, ಜ್ಯೇಷ್ಠಾ ಈ ನಾಲ್ಕು ಎಂಥ ಬೆಳಕಿನಲ್ಲೂ ತಲೆ ಎತ್ತುತ್ತವೆ. ಪಂಚಾಂಗದಲ್ಲಿ ರೋಹಿಣಿ ಎಂದಿದ್ದ ರಾತ್ರಿ ಚಂದ್ರನ ಆಸುಪಾಸಿನಲ್ಲಿ ಆ ಕೆಂಪು ಚುಕ್ಕೆಯನ್ನು ಹುಡುಕಿ. ಮರುದಿನ ನೋಡಿದರೆ ಚಂದ್ರ ಒಂದು ನಕ್ಷತ್ರದಷ್ಟು, ಅಂದರೆ ಸುಮಾರು 13 ಅಂಶ (ಡಿಗ್ರಿ) 20 ಕಲೆಯಷ್ಟು (ಅಂಶದ ಅರುವತ್ತನೆಯ ಒಂದು ಪಾಲು ಕಲೆ), ಮೂಡಣಕ್ಕೆ ಜರುಗಿರುತ್ತಾನೆ. ಸೂರ್ಯನಿಂದ ಚಂದ್ರ 12 ಅಂಶ ದೂರ ಸರಿದರೆ ಒಂದು ತಿಥಿ. ಇಷ್ಟನ್ನು ಕಣ್ಣಾರೆ ಕಂಡವನಿಗೆ ತಿಥಿ ಏಕೆ ನಡುಹಗಲಿಗೆ ಮುಗಿಯುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲದ ನಾಲ್ಕು ತಿಂಗಳು ಆಕಾಶವೇ ಇರುವುದಿಲ್ಲ, ಆಗ ಲೆಕ್ಕ ಮಾಡಿ. ಕಾರ್ಕಳದವರು ನೀವು, ತುಳುವರ ಹೊಸ ವರ್ಷವಾದ ಬಿಸುವಿಗೆ ಕಣಿ ಇಡುವವರು. ಹಗಲು ರಾತ್ರಿ ಸಮನಾಗುವುದು ಮಾರ್ಚ್ 21ರ ಸುಮಾರಿಗೆ, ಬಿಸು ಬರುವುದು ಏಪ್ರಿಲ್ 14 ಅಥವಾ 15ಕ್ಕೆ. ನಡುವಿನ ಮೂರು ವಾರಕ್ಕೂ ಮಿಕ್ಕ ಈ ಅಂತರ ಎಲ್ಲಿಂದ ಬಂತು? ಹಗಲು ರಾತ್ರಿ ಸಮನಾಗುವ ಬಿಂದು ನಕ್ಷತ್ರಗಳ ನಡುವೆ ನಿಧಾನಕ್ಕೆ ಹಿಂದೆ ಸರಿಯುತ್ತ ಬಂದಿದೆ, ಸರಿದಷ್ಟು ಅಂಶವೇ ಅಯನಾಂಶ. ಅದರ ಮೊತ್ತದ ಬಗ್ಗೆ ಪಂಚಾಂಗಕರ್ತರಲ್ಲಿ ಒಮ್ಮತವಿಲ್ಲ. ನಿಮ್ಮ ಮಗಳಿಗೆ ಒಬ್ಬರು ಒಂದು ನಕ್ಷತ್ರ ಪಾದ (ನಕ್ಷತ್ರದ ಕಾಲು ಭಾಗ), ಇನ್ನೊಬ್ಬರು ಪಕ್ಕದ್ದನ್ನು ಹೇಳಿದ್ದರೆ ಕಾರಣವನ್ನು ಮೊದಲು ಇಲ್ಲಿ ಹುಡುಕಿ, ಆಮೇಲೆ ದೋಷದ ಮಾತು.

ನಮ್ಮ ಅಕ್ಕನದೇ ಕಥೆ ಹೇಳುತ್ತೇನೆ. ಅವಳು ಹುಟ್ಟಿದ್ದು 1944ರ ಮಕರ ಸಂಕ್ರಾಂತಿಯ ಮರುದಿನ, ಅದೇ ಚಾಳಿನಲ್ಲಿ. ತಂದೆ ಕಿರುಪುಸ್ತಕದಲ್ಲಿ ‘ರಾತ್ರಿ 8 ಗಂಟೆ 10 ನಿಮಿಷ’ ಎಂದು ಗುರುತು ಹಾಕಿದ್ದರು. ಮದುವೆಯ ಮಾತು ಬಂದಾಗ ಮಾಟುಂಗಾದ ಪುರೋಹಿತರು ಸಿಂಹ ಲಗ್ನ ಎಂದರು, ಊರಿನ ಜೋಯಿಸರು ಕರ್ಕಾಟಕ ಎಂದರು. ಇಲ್ಲಿ ಲಗ್ನವೆಂದರೆ ಮದುವೆಯಲ್ಲ, ಹುಟ್ಟಿದ ಹೊತ್ತಿಗೆ ಮೂಡಣದಲ್ಲಿ ಏಳುತ್ತಿರುವ ರಾಶಿ. ಒಂದೇ ಹುಡುಗಿಗೆ ಎರಡು ಕುಂಡಲಿ. ಒಂದರಲ್ಲಿ, ಮದುವೆಗೆಂದು ನೋಡುವ ಏಳನೆಯ ಮನೆಯ ಒಡೆಯ ಇದ್ದ ಜಾಗಕ್ಕೆ ಗಂಡಿನ ಕಡೆಯವರು ಒಪ್ಪಿದರು, ಇನ್ನೊಂದನ್ನು ನೋಡಿ ಸುಮ್ಮನಾದರು. ಮನೆಯಲ್ಲಿ ಒಲೆ ಹೊತ್ತಿದರೂ ಮಾತು ಹೊತ್ತಲಿಲ್ಲ, ಎರಡು ದಿನ.

ಗಂಟನ್ನು ಬಿಚ್ಚಿದವರು ಪಕ್ಕದ ಕೋಣೆಯ ಕೊಂಕಣಿ ಮಾಸ್ತರರು, ಜೋಯಿಸರಲ್ಲ. ಅವರು ಕೇಳಿದ್ದು ಒಂದೇ ಮಾತು: ‘ಯಾವ ಗಡಿಯಾರ?’ ದೇಶಕ್ಕೆಲ್ಲ ಒಂದೇ ವೇಳೆ ಬಂದದ್ದು 1906ರಲ್ಲಿ. ಆದರೆ ಮುಂಬಯಿ ತನ್ನ ಹಳೆಯ ವೇಳೆಯನ್ನು 1955ರ ತನಕ ಪೂರ್ತಿ ಬಿಡಲಿಲ್ಲ. ಅದು ಭಾರತೀಯ ವೇಳೆಗಿಂತ 39 ನಿಮಿಷ ಹಿಂದೆ. ಅದೂ ಸಾಲದೆಂಬಂತೆ 1942ರಿಂದ 1945ರ ವರೆಗೆ ಯುದ್ಧಕ್ಕಾಗಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿದ್ದರು. ತಂದೆಯ ‘8 ಗಂಟೆ 10 ನಿಮಿಷ’ ಯುದ್ಧದ ವೇಳೆಯೋ ಮುಂಬಯಿಯ ವೇಳೆಯೋ ಎಂಬುದರ ಮೇಲೆ 1 ಗಂಟೆ 39 ನಿಮಿಷದ ವ್ಯತ್ಯಾಸ. ಒಂದು ಲಗ್ನ ಇರುವುದೇ ಸುಮಾರು ಎರಡು ಗಂಟೆ! ತಂದೆಗೆ ನೆನಪಿರಲಿಲ್ಲ. ಒಳಗಿನಿಂದ ಅಮ್ಮ ಹೇಳಿದರು: ‘ದೀಪ ಹಚ್ಚಿ ಸ್ವಲ್ಪ ಹೊತ್ತಾಗಿತ್ತಷ್ಟೇ. ಪಡುವಣದ ಕಿಟಕಿಯಲ್ಲಿ ಇನ್ನೂ ತುಸು ಕೆಂಪು ಉಳಿದಿತ್ತು.’ ಹಾಗಾದರೆ ಯುದ್ಧದ ವೇಳೆ, ಹಾಗಾದರೆ ಕರ್ಕಾಟಕ. ಮಾಸ್ತರರು ಚಹಾ ಕುಡಿದು ಹೋದರು. ನಿಮ್ಮ ಒಂಬತ್ತು ಪುಸ್ತಕಗಳ ಪೈಕಿ ಎಷ್ಟರಲ್ಲಿ ಈ ಪಾಠವಿದೆ, ನೋಡಿ ಹೇಳಿ.

ಗಣಿತ ಮೊದಲು ಎಂಬುದು ನನ್ನ ಕಿತಾಪತಿಯಲ್ಲ. ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಶಾಸ್ತ್ರಕ್ಕೆ ಮೂರು ಸ್ಕಂಧಗಳನ್ನು, ಅಂದರೆ ಕವಲುಗಳನ್ನು, ಹೇಳುತ್ತಾನೆ, ಗ್ರಹಗಣಿತ ಅವುಗಳಲ್ಲೊಂದು. ಶಾಸ್ತ್ರ ತಿಳಿಯದೆ ದೈವಜ್ಞನೆಂದು ಮೆರೆಯುವವನನ್ನು ಪಂಕ್ತಿದೂಷಕ, ನಕ್ಷತ್ರಸೂಚಕ ಎಂದು ಬಯ್ಯುತ್ತಾನೆ. ಅದೇ ಅಧ್ಯಾಯದಲ್ಲಿ, ಯವನರು (ಗ್ರೀಕರು) ಮ್ಲೇಚ್ಛರಾದರೂ ಈ ಶಾಸ್ತ್ರ ಅವರಲ್ಲಿ ನೆಲೆಯಾಗಿರುವುದರಿಂದ ಋಷಿಗಳಂತೆ ಪೂಜ್ಯರು ಎನ್ನುತ್ತಾನೆ. ಈಗ ಚೀಟಿ ಅಂಟಿಸಿದ ಹಾಗೆ ‘ವೈದಿಕ’ ಎನ್ನುವವರು ಆ ಸಾಲಿಗೆ ಬಂದಾಗ ಪುಟ ತಿರುಗಿಸುತ್ತಾರೆ. ವೇದಕ್ಕೆ ಅಂಗವೆನಿಸಿದ ಹಳೆಯ ಗ್ರಂಥ ವೇದಾಂಗ ಜ್ಯೋತಿಷದಲ್ಲಿ ಯಜ್ಞಕ್ಕೆ ಕಾಲ ಗೊತ್ತುಮಾಡುವ ಲೆಕ್ಕವಿದೆ, ನಕ್ಷತ್ರಗಳಿವೆ. ಹನ್ನೆರಡು ರಾಶಿಯೂ ಇಲ್ಲ, ಹುಟ್ಟಿದವನ ಕುಂಡಲಿಯೂ ಇಲ್ಲ. ನಮ್ಮ ಹಿರಿಯರಿಗೆ ಬರಿಯ ‘ಜ್ಯೋತಿಷ್ಯ’ ಸಾಕಾಗಿತ್ತು.

ಪರಾಶರ ಋಷಿಯ ಹೆಸರಿನಲ್ಲಿರುವ ಜಾತಕ ಗ್ರಂಥ ಪಾರಾಶರ ಹೋರೆಯ ಎರಡು ಪ್ರತಿ ನಿಮ್ಮಲ್ಲಿವೆ, ಅಧ್ಯಾಯಗಳು ತಾಳೆಯಾಗುವುದಿಲ್ಲ ಎಂದು ಕೊರಗಿದ್ದೀರಿ. ಒಂದನ್ನು ಕಿಂಗ್ಸ್ ಸರ್ಕಲಿನ ಫುಟ್‌ಪಾತಿನಲ್ಲಿ ಕೊಂಡಿರಂತೆ, ಖೇತವಾಡಿಯ ಶ್ರೀವೆಂಕಟೇಶ್ವರ ಪ್ರೆಸ್ಸಿನ ಹಳೆಯ ಮುದ್ರಣ. ಭಾಗ್ಯವಂತರು! ತಾಳೆಯಾಗದಿದ್ದುದು ನಿಮ್ಮ ತಪ್ಪಲ್ಲ. ಹತ್ತನೆಯ ಶತಮಾನದಲ್ಲಿ ವರಾಹಮಿಹಿರನ ಬೃಹಜ್ಜಾತಕಕ್ಕೆ ವ್ಯಾಖ್ಯಾನ ಬರೆದ ಭಟ್ಟೋತ್ಪಲನೇ, ಪರಾಶರನ ಸಂಹಿತೆಯನ್ನು ಕಂಡಿದ್ದೇನೆ, ಜಾತಕ ಗ್ರಂಥವನ್ನು ಕಂಡಿಲ್ಲ ಎಂದಿದ್ದಾನೆ. ಅವನೇ ಕಾಣದ್ದನ್ನು ನೀವು ಮೊದಲ ತಿಂಗಳಲ್ಲೇ ಜೀರ್ಣಿಸಿಕೊಳ್ಳಲು ಹೊರಟಿದ್ದೀರಿ. ಅದು ಕೊನೆಗಿರಲಿ. ಪಂಚಾಂಗದ ವರ್ಷ ಮುಗಿದ ಮೇಲೆ ಲಘುಪಾರಾಶರಿ ಎಂಬ ಕಿರುಗ್ರಂಥ ಹಿಡಿಯಿರಿ, ನಲವತ್ತು ಚಿಲ್ಲರೆ ಶ್ಲೋಕ, ಬಾಯಿಪಾಠವಾಗುತ್ತದೆ. ಆಮೇಲೆ ಕನ್ನಡ ತಾತ್ಪರ್ಯವಿರುವ ಬೃಹಜ್ಜಾತಕ. ಭಟ್ಟರನ್ನು ವಾರಕ್ಕೊಮ್ಮೆ ಹಿಡಿದು ಕೂರಿಸಿ, ಹಣ್ಣು ಕಾಯಿ ಕೊಟ್ಟರೆ ಇಲ್ಲವೆನ್ನುವುದಿಲ್ಲ.

ಪುಣೆಯ ಖಗೋಳವಿಜ್ಞಾನಿ ಜಯಂತ ನಾರ್ಳೀಕರ್ ಅವರ ಪರೀಕ್ಷೆಯನ್ನು ನೀವೇ ಪ್ರಸ್ತಾಪಿಸಿದ್ದೀರಿ. 27 ಜ್ಯೋತಿಷಿಗಳು, ತಲಾ 40 ಜಾತಕ, ಯಾವುದು ಜಾಣ ಮಗುವಿನದು, ಯಾವುದು ಬುದ್ಧಿಮಾಂದ್ಯ ಮಗುವಿನದು ಹೇಳಬೇಕು. ಸರಿಯಾದದ್ದು ಶೇಕಡಾ 46, ನಾಣ್ಯ ಚಿಮ್ಮಿದ್ದಕ್ಕಿಂತ ಕಡಿಮೆ. ಅದಕ್ಕೆ ಪ್ರತಿವಾದ ನನ್ನಲ್ಲಿಲ್ಲ. ಆದರೂ ನಮ್ಮ ಪತ್ರಿಕೆಯ ಕೊನೆಯ ಪುಟದಲ್ಲಿ ಮಾಸ ಭವಿಷ್ಯವಿದೆ. ಒಂದು ತಿಂಗಳು ಜಾಹೀರಾತಿಗಾಗಿ ಅದನ್ನು ಕೈಬಿಟ್ಟಾಗ ಬಂದಷ್ಟು ಪತ್ರಗಳು, ಒಳ್ಳೆಯ ಕಥೆಯೊಂದಕ್ಕೆ ಈ ಮೂವತ್ತು ವರ್ಷಗಳಲ್ಲಿ ಬಂದಿಲ್ಲ. ಕವಿಗಳು ನನ್ನನ್ನು ಕ್ಷಮಿಸಬೇಕು.

ನನ್ನ ಹೊಟ್ಟೆಯುರಿ ಬೇರೆ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಜ್ಯೋತಿಷ್ಯ ಗ್ರಂಥ 1049ರ ‘ಜಾತಕತಿಲಕ’. ಬರೆದವನು ನರಗುಂದದ ಜೈನ ಪಂಡಿತ ಶ್ರೀಧರಾಚಾರ್ಯ. ಅದೇ ನರಗುಂದದಲ್ಲಿ 1854ರಲ್ಲಿ ಹುಟ್ಟಿದ ವೆಂಕಟೇಶ ಬಾಪೂಜಿ ಕೇತಕರ್ ಬಾಗಲಕೋಟೆಯಲ್ಲಿ ಹೆಡ್‌ಮಾಸ್ತರರಾಗಿದ್ದು ‘ಜ್ಯೋತಿರ್ಗಣಿತ’ ಬರೆದರು. ನೆಪ್ಚೂನಿನ ಆಚೆ ಸುಮಾರು 242 ವರ್ಷಕ್ಕೊಮ್ಮೆ ಸುತ್ತುವ ಗ್ರಹವಿರಬೇಕೆಂದು 1911ರಲ್ಲಿ ಫ್ರಾನ್ಸಿನ ಪತ್ರಿಕೆಗೆ ಲೆಕ್ಕ ಕಳುಹಿಸಿದರು. ಪ್ಲೂಟೊ ಕಂಡದ್ದು 1930ರಲ್ಲಿ, ಅದರ ಸುತ್ತು 248 ವರ್ಷ. ಮುಂಬಯಿಯ ನಮ್ಮ ಕನ್ನಡ ಸಂಘಗಳ ವೇದಿಕೆಯಲ್ಲಿ ಈ ಇಬ್ಬರ ಹೆಸರನ್ನು ನಾನು ಒಮ್ಮೆಯೂ ಕೇಳಿಲ್ಲ. ಶಾಲು, ಹಾರ, ಫಲಕಗಳಿಗೆ ಮಾತ್ರ ಕೊರತೆಯಿಲ್ಲ. ಇಲ್ಲೇ ಹುಟ್ಟಿ ಬೆಳೆದ ನನ್ನ ಮೊಮ್ಮಗನ ಕೈಗೆ ಮೊನ್ನೆ ಪಂಚಾಂಗ ಕೊಟ್ಟೆ. ಮರಾಠಿ ಅಂಕಿ ಓದುತ್ತಾನೆ, ಇಂಗ್ಲಿಷ್ ಓದುತ್ತಾನೆ. ಕನ್ನಡದ ೭ನ್ನು ನೋಡಿ ‘ಇದು ಯಾವ ಅಕ್ಷರ ಅಜ್ಜಾ?’ ಎಂದ. ನಾನು ಸ್ಲೇಟು ಹುಡುಕಿದೆ. ಮನೆಯಲ್ಲಿ ಸ್ಲೇಟು ಇರಲಿಲ್ಲ.

ನೀವು ಬರುವ ಹುಣ್ಣಿಮೆ ಡೊಂಬಿವಲಿಯ ಸೂರ್ಯೋದಯದಿಂದ ಎಷ್ಟು ಘಳಿಗೆಗೆ ಮುಗಿಯುತ್ತದೆ ಎಂದು ಕೈಯಿಂದ ಲೆಕ್ಕ ಮಾಡಿ ಅಂಚೆ ಕಾರ್ಡಿನಲ್ಲಿ ಬರೆದು ಕಳುಹಿಸಿ. ಮೊಬೈಲ್ ನೋಡಿ ಬರೆದರೆ ನನಗೆ ತಿಳಿಯುತ್ತದೆ. ಹಾಗೆಯೇ ಆ ಎರಡು ಪಾರಾಶರಗಳಲ್ಲಿ ಖೇತವಾಡಿಯದನ್ನು ಒಂದು ವರ್ಷದ ಮಟ್ಟಿಗೆ ನನಗೆ ಕೊಟ್ಟಿರಿ. ಹೇಗೂ ನೀವು ಅದನ್ನು ತೆರೆಯುವಂತಿಲ್ಲ, ನನ್ನ ಪ್ರತಿಯನ್ನು ಒಯ್ದವರು ಎಂಟು ವರ್ಷವಾದರೂ ಮರಳಿಸಿಲ್ಲ.

— ಸಂ.