ಓದುಗರ ಪ್ರಶ್ನೆ: ಹದಿನಾರು ಹಾಡು, ನಾಲ್ಕು ವಿಜೇತರು

ಪ್ರಶ್ನೆ: ಯೂರೋಪಿನ ದೇಶಗಳ ನಡುವೆ ವರ್ಷವರ್ಷ ನಡೆಯುವ ಯೂರೋವಿಷನ್ ಗೀತಸ್ಪರ್ಧೆಯಲ್ಲಿ 1969ರಲ್ಲಿ ನಾಲ್ಕು ದೇಶಗಳು ಒಟ್ಟಿಗೆ ಗೆದ್ದವಂತೆ. ಯಾರಾದರೊಬ್ಬರನ್ನು ಯಾಕೆ ಆರಿಸಲಿಲ್ಲ? ಆ ನಾಲ್ಕರಲ್ಲಿ ಯಾವುದು ಮೇಲು? (ಧಾರವಾಡದ ಓದುಗರು)

ಉತ್ತರ: ಆರಿಸಲು ನಿಯಮವೇ ಇರಲಿಲ್ಲ. ಮಾರ್ಚ್ 29ರ ರಾತ್ರಿ ಮ್ಯಾಡ್ರಿಡ್‌ನ ತೆಯಾತ್ರೋ ರೆಯಾಲ್‌ನಲ್ಲಿ 16 ದೇಶಗಳು ಹಾಡಿ, ಮತ ಎಣಿಸಿ ಮುಗಿದಾಗ ಸ್ಪೇನ್, ಬ್ರಿಟನ್, ನೆದರ್ಲೆಂಡ್ಸ್, ಫ್ರಾನ್ಸ್ ನಾಲ್ಕಕ್ಕೂ 18 ಅಂಕ ಬಂದಿತ್ತು. ನಿರೂಪಕಿ ಲೌರಿತಾ ವಲೆನ್ಸುವೆಲಾ ಮೇಲ್ವಿಚಾರಕ ಕ್ಲಿಫರ್ಡ್ ಬ್ರೌನ್ ಅವರನ್ನು ಕೇಳಿದರು. ನಾಲ್ವರೂ ವಿಜೇತರೇ ಎಂದಾಯಿತು. ಮರುವರ್ಷದ ಆತಿಥ್ಯ ಚೀಟಿ ಎತ್ತಿ ಆಮ್‌ಸ್ಟರ್‌ಡ್ಯಾಮ್‌ಗೆ ಹೋಯಿತು. ಅಲ್ಲಿಗೆ ಬಂದದ್ದು 12 ದೇಶಗಳು ಮಾತ್ರ. ಸ್ವೀಡನ್, ನಾರ್ವೆ, ಫಿನ್ಲೆಂಡ್, ಪೋರ್ಚುಗಲ್ ದೂರ ಉಳಿದವು.

ಇಂಥ ಫಲಿತಾಂಶ ಬರಲು ಕಾರಣ ಮತ ಹಾಕುವ ಕ್ರಮ. ಪ್ರತಿ ದೇಶದಲ್ಲಿ 10 ತೀರ್ಪುಗಾರರು, ತಲೆಗೊಂದೇ ಮತ, ತಮ್ಮ ದೇಶಕ್ಕೆ ಹಾಕುವಂತಿಲ್ಲ. ಒಟ್ಟು 160 ಮತ. ಅಂದರೆ ಒಂದು ಹಾಡಿಗೆ ಸರಾಸರಿ 10. ಒಂದು ಹಾಡಿಗೆ ಹೆಚ್ಚೆಂದರೆ 150 ಮತ ಬೀಳಬಹುದಿತ್ತು, ಗೆದ್ದವರಿಗೆ ಬಿದ್ದದ್ದು 18. ನೂರಕ್ಕೆ 12 ಜನರ ಮೊದಲ ಆಯ್ಕೆ, ಅಷ್ಟೇ. ಉಳಿದ 88 ಜನರಿಗೆ ಅದು ಎರಡನೆಯದಾಗಿತ್ತೋ ಹದಿನೈದನೆಯದೋ, ಆ ಪಟ್ಟಿಯಿಂದ ತಿಳಿಯುವುದೇ ಇಲ್ಲ. ಹಾಗಾಗಿ 5 ಅಂಕ ಪಡೆದ ಇಟಲಿಗಿಂತ 10 ಅಂಕದ ಬೆಲ್ಜಿಯಂ ಹಾಡು ಎರಡು ಪಟ್ಟು ಚೆನ್ನ ಎಂದು ಓದಿಕೊಳ್ಳಬೇಡಿ.

ನಮ್ಮ ಕ್ರಮ ಹೀಗೆ. ಮೊದಲು ಫ್ರಾನ್ಸ್: ಫ್ರೀಡಾ ಬೊಕ್ಕಾರಾ ಹಾಡಿದ ‘ಅಂ ಝೂರ್, ಅನ್ ಆಂಫಾಂ’. ಎಮಿಲ್ ಸ್ಟರ್ನ್ ರಾಗ, ಎಡ್ಡಿ ಮಾರ್ನೆ ಸಾಹಿತ್ಯ, ವಾದ್ಯವೃಂದ ನಡೆಸಿದವರು ಫ್ರಾಂಕ್ ಪೂರ್ಸೆಲ್. ನಿಧಾನದ ಹಾಡು. ಉದ್ದುದ್ದ ಸಾಲುಗಳಲ್ಲಿ ಉಸಿರು ಎಲ್ಲೂ ಕಡಿಯುವುದಿಲ್ಲ. ಎರಡನೆಯದು ನೆದರ್ಲೆಂಡ್ಸ್‌ನ ‘ದೆ ತ್ರೂಬದೂರ್’. ಲೆನ್ನಿ ಕೂರ್ ತಾವೇ ರಾಗ ಹಾಕಿ, ಗಿಟಾರ್ ಹಿಡಿದು ಹಾಡಿದರು. ಮಧ್ಯಯುಗದ ಅಲೆಮಾರಿ ಗಾಯಕನೊಬ್ಬನ ಕತೆ. ಒಂದೇ ರಾಗ ಮರಳಿ ಮರಳಿ ಬರುವುದು ಇದರ ಬಲವೂ ಹೌದು, ದೌರ್ಬಲ್ಯವೂ ಹೌದು. ಮೂರನೆಯದು ಸ್ಪೇನ್‌ನ ಸಲೋಮೆ ಹಾಡಿದ ‘ವಿವೋ ಕಾಂತಾಂದೋ’. ಸುಮಾರು 14 ಕಿಲೋ ತೂಕದ ಉಡುಪು ತೊಟ್ಟು ಕುಣಿಯುತ್ತ ಹಾಡಿದ್ದು ಅಚ್ಚರಿಯೇ. ಆದರೆ ಕಣ್ಣು ಮುಚ್ಚಿ ಕೇಳಿದರೆ ಹಾಡು ಅರ್ಧವಾಗುತ್ತದೆ. ಕೊನೆಗೆ ಬ್ರಿಟನ್‌ನ ಲೂಲೂ, ‘ಬೂಮ್ ಬ್ಯಾಂಗ್-ಎ-ಬ್ಯಾಂಗ್’. ನಾಲ್ವರಲ್ಲಿ ಗಟ್ಟಿ ಕಂಠ ಇವರದೇ ಇರಬಹುದು, ಸಿಕ್ಕ ಹಾಡು ಮಾತ್ರ ಜಾತ್ರೆಯ ಪೀಪಿ. ಬ್ರಿಟನ್ನಿನ ಆಯ್ಕೆ ಸುತ್ತಿನ ಆರು ಹಾಡುಗಳಲ್ಲಿ ಎಲ್ಟನ್ ಜಾನ್ ಮತ್ತು ಬರ್ನಿ ಟಾಪಿನ್ ಬರೆದ ಹಾಡು ಕೊನೆಗೆ ಬಂದಿತ್ತು ಎಂಬುದನ್ನೂ ಹೇಳಬೇಕು.

ಪ್ರಶ್ನೆ: ನಾವು ಐವರು ಗೆಳೆಯರು ಇದೇ 1969ರ ಹಾಡುಗಳನ್ನೆಲ್ಲ ಕೇಳಿ ನಮ್ಮದೇ ಕ್ರಮಾಂಕ ಮಾಡಬೇಕೆಂದಿದ್ದೇವೆ. ಒಮ್ಮೆ ಪ್ರಯತ್ನಿಸಿದಾಗ ಎಲ್ಲಕ್ಕೂ ಹತ್ತಕ್ಕೆ ಆರು, ಏಳು ಬಿದ್ದು ಪಟ್ಟಿಯೇ ಆಗಲಿಲ್ಲ. ಸರಿಯಾದ ದಾರಿ ಯಾವುದು? (ಮೈಸೂರಿನ ಓದುಗರು)

ಉತ್ತರ: ಅಂಕ ಕೊಡುವುದನ್ನು ಬಿಡಿ. ರಾಗಕ್ಕೆ ಹತ್ತು, ಕಂಠಕ್ಕೆ ಹತ್ತು, ಸಾಹಿತ್ಯಕ್ಕೆ ಹತ್ತು ಎಂದು ಬೇರೆಬೇರೆ ಕೊಟ್ಟು ಕೂಡಿದರೆ ಯಾವುದರಲ್ಲೂ ಕೆಡದ ಸಪ್ಪೆ ಹಾಡು ಮೇಲೆ ಬಂದು ಕೂರುತ್ತದೆ. ಎರಡೆರಡು ಹಾಡು ಎದುರಿಟ್ಟು ‘ಇದೋ, ಅದೋ’ ಎಂದು ಕೇಳಿಕೊಳ್ಳಿ.

ಅದಕ್ಕೆ ಮೊದಲು ಧ್ವನಿಮುದ್ರಣ. ಹದಿನಾರನ್ನೂ ಅದೇ ರಾತ್ರಿಯ ಪ್ರಸಾರದಿಂದಲೇ ಕೇಳಬೇಕು. ಕೆಲವನ್ನು ಪ್ರಸಾರದಿಂದ, ಕೆಲವನ್ನು ಗ್ರಾಮಫೋನ್ ತಟ್ಟೆಯಿಂದ ತೆಗೆದುಕೊಂಡರೆ ಕೆಲಸ ಕೆಟ್ಟಿತು. ವೇದಿಕೆಯಲ್ಲಿ ಎಲ್ಲರಿಗೂ ಒಂದೇ ವಾದ್ಯವೃಂದ, ನೇರ ಗಾಯನ, ಎರಡನೇ ಅವಕಾಶ ಇಲ್ಲ. ಸ್ಟುಡಿಯೋ ತಟ್ಟೆಯಲ್ಲಿ ವೇಗ ಬೇರೆ, ದನಿಯ ಮೇಲೆ ದನಿ ಕೂಡಿಸಿರುತ್ತಾರೆ, ಕೆಲವೊಮ್ಮೆ ಭಾಷೆಯೇ ಬೇರೆ. ಇನ್ನು ವಾಲ್ಯೂಮ್. ಪಲ್ಲವಿಯಲ್ಲಿ ಗಾಯಕರ ದನಿ ಎಲ್ಲ ಹಾಡಿಗೂ ಒಂದೇ ಮಟ್ಟದಲ್ಲಿ ಕೇಳುವಂತೆ ಇಟ್ಟುಕೊಳ್ಳಿ, ಡ್ರಮ್ ನೋಡಿ ಹೊಂದಿಸಬೇಡಿ. ಸ್ವಲ್ಪವೇ ಜೋರಾಗಿರುವ ಹಾಡು ನಮ್ಮ ಕಿವಿಗೆ ‘ಚೆನ್ನಾಗಿರುವ’ ಹಾಡಾಗಿಬಿಡುತ್ತದೆ, ಅದು ಗೊತ್ತೂ ಆಗುವುದಿಲ್ಲ.

ಮೊದಲ ದಿನ ಪರದೆ ಆರಿಸಿ, ಅಂದಿನ ಸರದಿಯಲ್ಲೇ ಕೇಳಿ: ಯುಗೊಸ್ಲಾವಿಯಾದಿಂದ ಶುರು, ಫಿನ್ಲೆಂಡ್‌ಗೆ ಮುಕ್ತಾಯ. ಒಂದು ಹಾಡಿಗೆ ಗರಿಷ್ಠ 3 ನಿಮಿಷ, ಎಲ್ಲ ಸೇರಿ ಮುಕ್ಕಾಲು ಗಂಟೆಯ ಆಸುಪಾಸು. ಪ್ರತಿ ಹಾಡು ಮುಗಿದ ಕೂಡಲೇ ಅರ್ಧ ನಿಮಿಷ ನಿಲ್ಲಿಸಿ ಎರಡು ಸಾಲು ಬರೆಯಿರಿ. ಎರಡನೆಯ ದಿನ ತಿರುಗುಮುರುಗು ಸರದಿ. ಸ್ಪೇನ್ ಮೂರನೆಯದಾಗಿ ಹಾಡಿತ್ತು, ಫ್ರಾನ್ಸ್ ಹದಿನಾಲ್ಕನೆಯದಾಗಿ. ಒಂದೇ ಸಲ ಕೇಳಿದರೆ ಕೊನೆಯವು ನೆನಪಿನಲ್ಲಿ ಹಸಿಯಾಗಿದ್ದು ಮೊದಲಿನವು ಮಸುಕಾಗಿರುತ್ತವೆ. ಬಣ್ಣದ ದೃಶ್ಯ ನೋಡುವುದು ಇದಾದ ಮೇಲೆ. (ಅಂದಹಾಗೆ, ಆ ಕಾರ್ಯಕ್ರಮ ಬಣ್ಣದಲ್ಲಿ ತಯಾರಾಗಿದ್ದರೂ ಸ್ಪೇನ್‌ನ ಜನ ಮನೆಯಲ್ಲಿ ಕಪ್ಪುಬಿಳುಪಿನಲ್ಲೇ ನೋಡಿದರು.)

ಈಗ ಪಟ್ಟಿ. ಹದಿನಾರು ಹಾಡುಗಳ ಎಲ್ಲ ಜೋಡಿಗಳನ್ನೂ ಹೋಲಿಸಿದರೆ 120 ಹೋಲಿಕೆ, ಯಾರಿಗೂ ತಾಳ್ಮೆ ಉಳಿಯುವುದಿಲ್ಲ. ಅದರ ಬದಲು ಒಂದೊಂದೇ ಹಾಡನ್ನು ಪಟ್ಟಿಗೆ ಸೇರಿಸುತ್ತ ಹೋಗಿ. ಪಟ್ಟಿಯಲ್ಲಿ 8 ಹಾಡು ಕುಳಿತಿವೆ, ಒಂಬತ್ತನೆಯದು ಬಂತು ಎನ್ನೋಣ. ನಡುವಿನ ಹಾಡಿಗೆ ಹೋಲಿಸಿ. ಮೇಲೆನಿಸಿದರೆ ಮೇಲಿನ ಅರ್ಧದ ನಡುವಿನದಕ್ಕೆ, ಕೆಳಗೆನಿಸಿದರೆ ಕೆಳಗಿನ ಅರ್ಧದ ನಡುವಿನದಕ್ಕೆ. ಹೀಗೆ ಹೆಚ್ಚೆಂದರೆ 4 ಹೋಲಿಕೆಯಲ್ಲಿ ಅದರ ಜಾಗ ಸಿಗುತ್ತದೆ. ಹದಿನಾರಕ್ಕೂ ಸೇರಿ 49 ದಾಟುವುದಿಲ್ಲ. ಎಡವುವುದು ಸಾಮಾನ್ಯವಾಗಿ 7ರಿಂದ 12ನೆಯ ಸ್ಥಾನಗಳಲ್ಲಿ: ಬೆಲ್ಜಿಯಂಗಿಂತ ಐರ್ಲೆಂಡ್ ಮೇಲು, ಐರ್ಲೆಂಡ್‌ಗಿಂತ ಜರ್ಮನಿ ಮೇಲು, ಆದರೆ ಜರ್ಮನಿಗಿಂತ ಬೆಲ್ಜಿಯಂ ಮೇಲು ಅನಿಸಿಬಿಡುತ್ತದೆ. ಆಗ ಆ ಮೂರನ್ನಷ್ಟೇ ಬೆನ್ನುಬೆನ್ನಿಗೆ ಮತ್ತೊಮ್ಮೆ ಕೇಳಿ.

ಐವರೂ ತಮ್ಮ ತಮ್ಮ ಪಟ್ಟಿ ಮುಗಿಸುವವರೆಗೆ ಬಾಯಿ ಬಿಡಬಾರದು. ಆಮೇಲೆ 1975ರಲ್ಲಿ ಬಂದ ಅಂಕಕ್ರಮ ಬಳಸಿ: ಮೊದಲ ಹತ್ತಕ್ಕೆ 12, 10, 8, 7, 6, 5, 4, 3, 2, 1. ಒಬ್ಬರದು 58, ಐವರದು 290. ಮೊತ್ತ ತಾಳೆಯಾಗದಿದ್ದರೆ ಎಲ್ಲೋ ಕೂಡುವುದು ತಪ್ಪಿದೆ. ಸಮ ಬಂದರೆ ಹೆಚ್ಚು ಜನರಿಂದ ಅಂಕ ಪಡೆದದ್ದು ಮೇಲೆ, ಆಗಲೂ ಸಮವಾದರೆ ಹೆಚ್ಚು 12 ಪಡೆದದ್ದು. 1991ರಲ್ಲಿ ರೋಮ್‌ನಲ್ಲಿ ಸ್ವೀಡನ್ ಮತ್ತು ಫ್ರಾನ್ಸ್ 146ರಲ್ಲಿ ಸಮ ನಿಂತಾಗ ನಿಯಮ ತುಸು ಬೇರೆಯಿತ್ತು: ಮೊದಲು 12ಗಳನ್ನು ಎಣಿಸಿದರು, ಇಬ್ಬರಿಗೂ ನಾಲ್ಕು, ನಂತರ 10ಗಳನ್ನು, ಸ್ವೀಡನ್‌ಗೆ ಐದು, ಫ್ರಾನ್ಸ್‌ಗೆ ಎರಡು. ಹಾಗೆ ಸ್ವೀಡನ್‌ನ ಕರೋಲಾ ಗೆದ್ದರು.

ಪ್ರಶ್ನೆ: ಪ್ರತಿ ಹಾಡಿಗೂ ಪುಟ್ಟ ವಿಮರ್ಶೆ ಬರೆಯಲು ಹೊರಟರೆ ‘ಇಂಪಾಗಿದೆ’ ಬಿಟ್ಟು ಬೇರೆ ಮಾತು ಬರುವುದಿಲ್ಲ. (ಉಡುಪಿಯ ಓದುಗರು)

ಉತ್ತರ: ಗಡಿಯಾರ ನೋಡಿ ಬರೆಯಿರಿ. ದನಿ ಎಷ್ಟನೇ ಸೆಕೆಂಡಿಗೆ ಬಂತು, ಪಲ್ಲವಿ ಎಷ್ಟಕ್ಕೆ, ಎರಡನೇ ಚರಣದಲ್ಲಿ ಯಾವ ಹೊಸ ವಾದ್ಯ ಸೇರಿತು, ಶ್ರುತಿ ಏರಿತೇ, ಕೊನೆ ಹೇಗೆ. ಈ ಐದು ಗುರುತು ಸಿಕ್ಕರೆ ನಾಲ್ಕು ಸಾಲು ತಾನಾಗಿ ಬರುತ್ತದೆ. ಮೂರು ನಿಮಿಷದ ಮಿತಿ ಬಿಗಿಯಾದದ್ದು 1957ರಲ್ಲಿ ಇಟಲಿಯ ಹಾಡು ಐದು ನಿಮಿಷ ದಾಟಿದ ಮೇಲೆ. ಹಾಗಾಗಿ ಇಲ್ಲಿ ಪ್ರತಿ ಸೆಕೆಂಡಿಗೂ ಲೆಕ್ಕವಿದೆ. ನಮ್ಮ ಸಿನಿಮಾ ಹಾಡುಗಳಂತೆ ಚರಣಗಳ ನಡುವೆ ಉದ್ದನೆಯ ಬಿಜಿಎಂ ಇರದಿದ್ದರೆ ಅದನ್ನು ಕೊರತೆ ಎಂದು ಬರೆಯಬೇಡಿ. ಕೊನೆಯ ಪಲ್ಲವಿಗೆ ಶ್ರುತಿಯನ್ನೇ ಅರ್ಧ ಸ್ವರ ಮೇಲಕ್ಕೆತ್ತುವುದು ಒಂದೇ ಷಡ್ಜಕ್ಕೆ ಒಗ್ಗಿದ ಕಿವಿಗೆ ರೋಮಾಂಚನ ಅನಿಸುತ್ತದೆ. ಅಲ್ಲಿ ಅದು ಸವೆದ ತಂತ್ರ. ರಾಗದಲ್ಲೇ ಮೇಲೇರುವ ಒತ್ತಡ ಇತ್ತೇ, ಅಥವಾ ಹೇಳಲು ಬೇರೇನೂ ಉಳಿಯದೆ ಏರಿಸಿದರೇ, ಅದನ್ನು ನೋಡಿ.

ಪ್ರಶ್ನೆ: ಭಾಷೆ ಗೊತ್ತಿಲ್ಲದೆ ಸಾಹಿತ್ಯವನ್ನು ಹೇಗೆ ತೂಗುವುದು? (ಬೆಂಗಳೂರಿನ ಓದುಗರು)

ಉತ್ತರ: ಮೊದಲ ಪಟ್ಟಿ ಮುಗಿಯುವವರೆಗೆ ತೂಗಬೇಡಿ. 1966ರಿಂದ 1972ರವರೆಗೆ ಎಲ್ಲರೂ ತಮ್ಮ ದೇಶದ ಭಾಷೆಯಲ್ಲೇ ಹಾಡಬೇಕಿತ್ತು. ಅಂದರೆ 1969ರ ತೀರ್ಪುಗಾರರಲ್ಲಿ ಬಹುಪಾಲು ಜನಕ್ಕೂ ಬಹುಪಾಲು ಹಾಡು ಅರ್ಥವಾಗಿರಲಿಕ್ಕಿಲ್ಲ. ಅರ್ಥ ಓದಿಕೊಂಡು ಎರಡನೇ ಪಟ್ಟಿ ಬೇರೆ ಮಾಡಿ, ಎರಡನ್ನೂ ಪಕ್ಕಪಕ್ಕ ಇಡಿ. ಅತಿ ಹೆಚ್ಚು ಜಿಗಿಯುವುದು ಪೋರ್ಚುಗಲ್. ಸಿಮೋನೆ ದೆ ಒಲಿವೇರಾ ಹಾಡಿದ ‘ದೆಶ್‌ಫೊಲ್ಯಾದಾ ಪೋರ್ತುಗೆಜಾ’ಗೆ ಸಿಕ್ಕಿದ್ದು 4 ಅಂಕ, 15ನೆಯ ಸ್ಥಾನ. ಕವಿ ಆರಿ ದುಸ್ ಸಾಂತುಸ್ ಬರೆದ ಅದರಲ್ಲಿ ಮಗುವನ್ನು ಪಡೆಯುವುದರಲ್ಲಿನ ಸುಖದ ಬಗ್ಗೆ ಒಂದು ಸಾಲಿದೆ. ಸರ್ವಾಧಿಕಾರದ ಕಾಲದ ಪೋರ್ಚುಗಲ್‌ನಲ್ಲಿ ಹೆಣ್ಣೊಬ್ಬಳು ಅದನ್ನು ಗಂಟಲೆತ್ತಿ ಹಾಡಿದ್ದು ದೊಡ್ಡ ಗದ್ದಲವಾಯಿತು. ನಮ್ಮ ಎರಡನೇ ಪಟ್ಟಿಯಲ್ಲಿ ಅದು ಮೊದಲ ಮೂರರೊಳಗಿದೆ.

ಹಾಗೆಯೇ ಸ್ವೀಡನ್‌ನ ಟಾಮಿ ಶರ್‌ಬರಿ ಹಾಡಿದ ‘ಯೂಡಿ, ಮಿನ್ ವೆನ್’ 8 ಅಂಕಕ್ಕೆ ನಿಂತದ್ದು ಅನ್ಯಾಯ. ಇದಕ್ಕೆ ಮಾತ್ರ ಸಾಹಿತ್ಯ ಬೇಕಿಲ್ಲ, ಕಂಠ ಸಾಕು. ನಾರ್ವೆಯ ಒಂದೇ ಅಂಕದ ಬಗ್ಗೆ ನಮಗೆ ತಕರಾರಿಲ್ಲ.

ಪ್ರಶ್ನೆ: ‘ವೊಲಾರೆ’ ಗೆದ್ದದ್ದು ಯಾವ ವರ್ಷ? (ಮಂಗಳೂರಿನ ಓದುಗರು)

ಉತ್ತರ: ಗೆಲ್ಲಲೇ ಇಲ್ಲ. ಅದನ್ನು ಹಾಡಿದ ಇಟಲಿಯ ದೊಮೆನಿಕೊ ಮೊದುನ್ಯೊ 1958ರಲ್ಲಿ 13 ಅಂಕಗಳೊಂದಿಗೆ ಮೂರನೆಯವರಾದರು. ಗೆದ್ದದ್ದು ಫ್ರಾನ್ಸ್‌ನ ಆಂದ್ರೆ ಕ್ಲಾವೊ, 27 ಅಂಕ. ಗ್ರ್ಯಾಮಿ ಪ್ರಶಸ್ತಿ ಮಾತ್ರ ಮೊದುನ್ಯೊಗೇ ಬಂತು.

ಪ್ರಶ್ನೆ: ಮುಂದೆ 1956 ಮತ್ತು 1964ನ್ನು ಮಾಡಬೇಕೆಂದಿದ್ದೇವೆ. ಪೂರ್ಣ ವಿಡಿಯೋ ಎಲ್ಲಿ ಸಿಗುತ್ತದೆ? (ಶಿವಮೊಗ್ಗದ ಓದುಗರು)

ಉತ್ತರ: ಹುಡುಕಿ ಸಮಯ ಕಳೆಯಬೇಡಿ. 1956ರ ಲುಗಾನೊ ಸ್ಪರ್ಧೆಯಲ್ಲಿ 7 ದೇಶಗಳು ತಲಾ ಎರಡು ಹಾಡಿದವು. ದೃಶ್ಯವಾಗಿ ಉಳಿದಿರುವುದು ವಿಜೇತೆ ಲಿಸ್ ಆಸಿಯಾ ಗೆದ್ದ ಬಳಿಕ ‘ರಫ್ರಾಂ’ ಹಾಡನ್ನು ಮತ್ತೆ ಹಾಡಿದ ಭಾಗ. ಉಳಿದದ್ದಕ್ಕೆ ಧ್ವನಿಯೇ ಗತಿ. ಅಂಕಗಳನ್ನು ಪ್ರಕಟಿಸಲೇ ಇಲ್ಲ, ಆದ್ದರಿಂದ ನಿಮ್ಮ ಪಟ್ಟಿಗೆ ಎದುರಿಡಲು ಅಧಿಕೃತ ಪಟ್ಟಿ ಇಲ್ಲ. 1964ರ ಕೋಪನ್‌ಹೇಗನ್ ಕಾರ್ಯಕ್ರಮದ ಪೂರ್ಣ ದೃಶ್ಯವೂ ಇಲ್ಲ, ಧ್ವನಿ ಇದೆ. ಆದರೆ ಅಲ್ಲಿ ಅಂಕಪಟ್ಟಿ ಸ್ವಾರಸ್ಯಕರ: ಗೆದ್ದ ಇಟಲಿಯ 16 ವರ್ಷದ ಜಿಲ್ಯೋಲಾ ಚಿಂಕ್ವೆತ್ತಿಗೆ 49, ಎರಡನೆಯ ಸ್ಥಾನದ ಬ್ರಿಟನ್‌ಗೆ 17. ಆಗ ಪ್ರತಿ ದೇಶ ತನ್ನ ಮೊದಲ ಮೂರು ಹಾಡಿಗೆ 5, 3, 1 ಕೊಡುತ್ತಿತ್ತು, 1969ರಂತೆ ಮತ ಚದುರುತ್ತಿರಲಿಲ್ಲ. ಎರಡೂ ವರ್ಷಕ್ಕೆ ಕಿವಿಯ ಪಟ್ಟಿ ಮಾತ್ರ ಮಾಡಿ. ದೃಶ್ಯ ನೋಡಿ ಮಾಡಿದ ವರ್ಷಗಳ ಜೊತೆ ಬೆರೆಸುವುದಾದರೆ ಆ ವರ್ಷಗಳದ್ದೂ ಪರದೆ ಆರಿಸಿ ಮಾಡಿದ ಮೊದಲ ದಿನದ ಪಟ್ಟಿಯನ್ನೇ ತೆಗೆದುಕೊಳ್ಳಿ.