ಹಿಂದಿನಿಂದ ಗುದ್ದಿಸಿಕೊಂಡ ಕಾರಿನ ಬಂಪರ್ ಬಿಚ್ಚಿಸಿ ನೋಡಲೇಬೇಕೆ?

ಸಿಗ್ನಲ್‌ನಲ್ಲಿ ನಿಂತಿದ್ದ ನಿಮ್ಮ ಕಾರಿಗೆ ಹಿಂದಿನಿಂದ ಗೂಡ್ಸ್ ಆಟೊ ಗುದ್ದಿತೆಂದೂ, ಬಂಪರ್ ಮೇಲೆ ಗೀರು ಬಿಟ್ಟರೆ ಬೇರೇನೂ ಕಾಣುತ್ತಿಲ್ಲವೆಂದೂ, ಆಟೊದವರು 3,000 ರೂಪಾಯಿ ಕೊಡಲು ಒಪ್ಪಿರುವುದರಿಂದ ಅದನ್ನು ಪಡೆದು ಪಾಲಿಶ್ ಮಾಡಿಸಿ ಸುಮ್ಮನಾಗಬಹುದೇ ಅಥವಾ ವಿಮೆಗೆ ಹೋಗಬೇಕೇ ಎಂದೂ ಕೇಳಿದ್ದೀರಿ. ಹಣದ ಲೆಕ್ಕ ಆಮೇಲೆ. ಮೊದಲು ಬಂಪರ್ ಬಿಚ್ಚಿಸಿ ನೋಡಿ. ಹಾಗೆ ನೋಡದೆ ಯಾವ ಮೊತ್ತಕ್ಕೂ ಒಪ್ಪಬೇಡಿ. ಇದನ್ನು ಇಷ್ಟು ಒತ್ತಿ ಹೇಳಲು ನನ್ನ ಅನುಭವವೇ ಕಾರಣ.

2019ರ ಜೂನ್‌ನಲ್ಲಿ, ಬೆಂಗಳೂರು–ಮೈಸೂರು ರಸ್ತೆ ಇನ್ನೂ ಮದ್ದೂರು ಪೇಟೆಯೊಳಗಿಂದಲೇ ಹಾದುಹೋಗುತ್ತಿದ್ದಾಗ, ನಿಂತ ವಾಹನಗಳ ಸಾಲಿನಲ್ಲಿದ್ದ ನನ್ನ ಸಣ್ಣ ಕಾರಿಗೆ ಹಿಂದಿನ ವ್ಯಾನ್ ನಿಧಾನವಾಗಿಯೇ ಬಂದು ಗುದ್ದಿತು. ಬಂಪರ್ ಒಳಕ್ಕೆ ಹೋಗಿ ತಾನಾಗಿಯೇ ಮರಳಿ ಬಂತು. ಅಂಗೈಯಗಲದ ಗೀರು ಮಾತ್ರ ಉಳಿಯಿತು. ಊರಿನ ಗ್ಯಾರೇಜಿನವರು ಹೊರಗಿನಿಂದಲೇ ನೋಡಿ ಏನೂ ಆಗಿಲ್ಲವೆಂದು ಹೇಳಿ ಪಾಲಿಶ್ ಹಾಕಿ ಕಳುಹಿಸಿದರು. ಎರಡು ತಿಂಗಳ ನಂತರ ಟಯರ್ ಪಂಕ್ಚರ್ ಆಗಿ ಸ್ಟೆಪ್ನಿ ತೆಗೆಯಲು ಹೋದಾಗ, ಅದನ್ನಿಡುವ ಗುಂಡಿಯಲ್ಲಿ ನಾಲ್ಕು ಬೆರಳಷ್ಟು ಕೆಂಪು ನೀರು ನಿಂತಿತ್ತು ಮತ್ತು ಜಾಕ್ ತುಕ್ಕು ಹಿಡಿದು ತಿರುಗಲಾರದಂತಾಗಿತ್ತು. ಬಂಪರ್ ಬಿಚ್ಚಿಸಿದಾಗ ಅದರ ಹಿಂದಿನ ತಗಡು ಎಡಭಾಗದಲ್ಲಿ ಒಳಕ್ಕೆ ಸರಿದಿರುವುದೂ, ಎರಡು ತಗಡುಗಳು ಕೂಡುವಲ್ಲಿ ಬಳಿದಿರುವ ಸೀಲೆಂಟ್ ಕೂದಲೆಳೆಯಷ್ಟು ಬಿರುಕು ಬಿಟ್ಟಿರುವುದೂ ಕಂಡಿತು. ಆ ವರ್ಷದ ಮಳೆಯೆಲ್ಲ ಆ ಬಿರುಕಿನಿಂದಲೇ ಒಳಗಿಳಿದಿತ್ತು.

ಹೀಗಾಗಲು ಕಾರಣವಿದೆ. ನಮಗೆ ಹೊರಗೆ ಕಾಣುವ ಬಂಪರ್ ಬಹುಪಾಲು ಕಾರುಗಳಲ್ಲಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಹೊದಿಕೆ ಮಾತ್ರ. ಅದು ಬಾಗಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಅನೇಕ ಕಾರುಗಳಲ್ಲಿ ಹೊಡೆತ ತಡೆಯಲು ಅದರ ಹಿಂದೆ ಲೋಹದ ಅಡ್ಡಪಟ್ಟಿ ಇರುತ್ತದೆ, ಕೆಲವು ಸಣ್ಣ ಕಾರುಗಳಲ್ಲಿ ಅದೂ ಇರುವುದಿಲ್ಲ. ಲೋಹ ಒಮ್ಮೆ ಮಡಿದರೆ ಮಡಿದಂತೆಯೇ ಉಳಿಯುವುದರಿಂದ, ಹೊದಿಕೆ ನೆಟ್ಟಗಿದೆ ಎಂಬುದು ಒಳಗಿನ ಸ್ಥಿತಿಗೆ ಸಾಕ್ಷಿಯಾಗುವುದಿಲ್ಲ.

ಗ್ಯಾರೇಜಿಗೆ ಹೋಗುವ ಮೊದಲು ಮನೆಯಲ್ಲೇ ಅರ್ಧ ಗಂಟೆ ಕೊಟ್ಟು ನೋಡಬಹುದು. ಡಿಕ್ಕಿಯನ್ನು ಪೂರ್ತಿ ಖಾಲಿ ಮಾಡಿ, ಹಾಸನ್ನು ಎತ್ತಿ, ಸ್ಟೆಪ್ನಿಯನ್ನು ಹೊರಗಿಟ್ಟು, ಟಾರ್ಚನ್ನು ನೆಲಕ್ಕೆ ತಾಗುವಂತೆ ಅಡ್ಡಲಾಗಿ ಹಿಡಿಯಿರಿ. ನೇರವಾಗಿ ಬಿಟ್ಟ ಬೆಳಕಿನಲ್ಲಿ ಕಾಣದ ಸಣ್ಣ ಸುಕ್ಕು ಅಡ್ಡ ಬೆಳಕಿನಲ್ಲಿ ನೆರಳಾಗಿ ಎದ್ದು ಕಾಣುತ್ತದೆ. ಬಣ್ಣ ಚಕ್ಕೆ ಎದ್ದಿದೆಯೇ, ಸೀಲೆಂಟ್ ಒಡೆದಿದೆಯೇ ಎಂದು ಮೂಲೆಮೂಲೆಯನ್ನೂ ನೋಡಿ. ಬಳಿಕ ಡಿಕ್ಕಿಯ ಬಾಗಿಲನ್ನು ಮುಚ್ಚಿ, ಅದರ ಸುತ್ತಲಿನ ಸಂದಿಯ ಮೇಲೆ ಎಡಕ್ಕೂ ಬಲಕ್ಕೂ ಬೆರಳಾಡಿಸಿ. ಒಂದು ಕಡೆ ಸಂದಿ ಕಿರಿದಾಗಿದ್ದರೆ, ಅಥವಾ ಮೊದಲು ಹಗುರವಾಗಿ ಬೀಳುತ್ತಿದ್ದ ಬಾಗಿಲು ಈಗ ಒತ್ತಿದರಷ್ಟೇ ಲಾಕ್ ಆಗುತ್ತಿದ್ದರೆ, ಒಳಗಿನ ತಗಡು ಜರುಗಿದೆ ಎಂದೇ ತಿಳಿಯಿರಿ. ಹಿಂದಿನ ಬಾಗಿಲುಗಳನ್ನೂ ತೆರೆದು ಮುಚ್ಚಿ ನೋಡಿ. ಚಕ್ರದ ಪಕ್ಕದಲ್ಲಿ ಬಂಪರ್ ಕಾರಿನ ಬಾಡಿಯನ್ನು ಕೂಡುವ ತುದಿಯನ್ನು ಒತ್ತಿದಾಗ ಅದು ಅಲುಗಾಡಿದರೆ ಕ್ಲಿಪ್ ಮುರಿದಿರುತ್ತದೆ.

ಕೆಳಗೆ ಬಗ್ಗಿ ಸೈಲೆನ್ಸರ್ ಜೋತುಬಿದ್ದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಪೆಟ್ರೋಲ್ ವಾಸನೆ ಬಂದರೆ ಕಾರನ್ನು ಚಾಲೂ ಮಾಡದೆ ಮೆಕ್ಯಾನಿಕ್‌ನನ್ನೇ ಕರೆಸಿ. ಬ್ರೇಕ್, ಇಂಡಿಕೇಟರ್, ರಿವರ್ಸ್ ಮತ್ತು ನಂಬರ್ ಪ್ಲೇಟಿನ ದೀಪಗಳನ್ನು ಕತ್ತಲಾದ ಮೇಲೆ ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿ ಒಬ್ಬರೇ ಪರೀಕ್ಷಿಸಬಹುದು. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇದ್ದರೆ ಮಾತ್ರ ಈ ಮನೆಯ ಪರೀಕ್ಷೆಗೆ ನಿಲ್ಲಬೇಡಿ: ಅದರ ಚೌಕಟ್ಟು ಒಂದಿಷ್ಟು ಸರಿದಿದ್ದರೂ, ಮೂರು ವರ್ಷಕ್ಕೊಮ್ಮೆ ಮಾಡಿಸುವ ಒತ್ತಡ ಪರೀಕ್ಷೆಯ ಅವಧಿ ಇನ್ನೂ ಮುಗಿದಿಲ್ಲವೆಂದು ಸುಮ್ಮನಿರದೆ, ಅಧಿಕೃತ ಕೇಂದ್ರದಲ್ಲಿ ತೋರಿಸಿ.

ಕಾರಿನ ಜೊತೆಗೆ ನಿಮ್ಮನ್ನೂ ನೋಡಿಕೊಳ್ಳಿ. ಹಿಂದಿನಿಂದ ಬಿದ್ದ ಹೊಡೆತದಲ್ಲಿ ಕುತ್ತಿಗೆ ಜಗ್ಗಿದ ನೋವು ಅನೇಕರಿಗೆ ಮರುದಿನ ಕಾಣಿಸಿಕೊಳ್ಳುತ್ತದೆ. ತಲೆ ಸುತ್ತು, ಕೈ ಜೋಮು ಹಿಡಿಯುವುದು ಇದ್ದರೆ ವೈದ್ಯರ ಬಳಿಗೆ ಹೋಗಲು ತಡಮಾಡಬೇಡಿ.

ಇನ್ನು ದುರಸ್ತಿ. ಬರೀ ಗೀರಾದರೆ ಬಣ್ಣ ಸಾಕು. ಪ್ಲಾಸ್ಟಿಕ್ ತಗ್ಗಾಗಿದ್ದರೆ ಬಿಸಿಗಾಳಿ ಅಥವಾ ಬಿಸಿನೀರಿನಿಂದ ಮೆತ್ತಗಾಗಿಸಿ ಒಳಗಿನಿಂದ ತಳ್ಳಿದರೆ ಹೊರಬರುತ್ತದೆ. ಸಣ್ಣ ಬಿರುಕಿಗೆ ಪ್ಲಾಸ್ಟಿಕ್ ವೆಲ್ಡಿಂಗ್ ಮಾಡುವವರಿದ್ದಾರೆ. ಆದರೆ ಬಂಪರನ್ನು ಕಾರಿನ ಬಾಡಿಯೊಂದಿಗೆ ಹಿಡಿದಿಡುವ ಕಿವಿಗಳು ಮುರಿದಿದ್ದರೆ ಹೊಸದನ್ನೇ ಹಾಕಿಸಿ. ಸ್ಕ್ರೂ ಬಿಗಿದು ನಿಲ್ಲಿಸಿದ ಬಂಪರ್ ಹೆದ್ದಾರಿಯ ವೇಗದಲ್ಲಿ ಸಡಿಲವಾಗುತ್ತದೆ. ಮಡಿದ ಅಡ್ಡಪಟ್ಟಿಯನ್ನು ಬಡಿದು ನೆಟ್ಟಗೆ ಮಾಡಿಕೊಡುತ್ತೇವೆ ಎಂದರೆ ಒಪ್ಪಬೇಡಿ, ಏಕೆಂದರೆ ಮುಂದಿನ ಹೊಡೆತವನ್ನು ಅದು ಮೊದಲಿನಂತೆ ತಡೆಯುವುದಿಲ್ಲ. ಹೊಸ ಕಾರಾಗಿದ್ದು, ಪಕ್ಕದಲ್ಲಿ ಬರುವ ವಾಹನವನ್ನು ಎಚ್ಚರಿಸುವ ರೇಡಾರ್ ಬಂಪರಿನ ಹಿಂದೆ ಇದ್ದರೆ, ಅದರ ಮುಂದೆ ಪುಟ್ಟಿ ಬಳಿಸಬೇಡಿ.

ನನ್ನ ಕಾರಿನ ಟಿಂಕರಿಂಗ್ ಮಾಡಿದ ಮೇಸ್ತ್ರಿ ನಿಜಕ್ಕೂ ಕೆಲಸ ಬಲ್ಲವರು. ಸುತ್ತಿಗೆ ಎತ್ತುವ ಮೊದಲು ತಗಡಿಗೆ ಕೊಂಡಿ ವೆಲ್ಡ್ ಮಾಡಿ, ಗುದ್ದಿದ ದಿಕ್ಕಿಗೆ ಸರಿಯಾಗಿ ಎದುರು ದಿಕ್ಕಿನಲ್ಲಿ ಸ್ವಲ್ಪಸ್ವಲ್ಪವೇ ಎಳೆದರು. ಪ್ರತಿ ಎಳೆತಕ್ಕೂ ಡಿಕ್ಕಿಯ ಬಾಗಿಲು ಮುಚ್ಚಿ ಸಂದಿ ನೋಡುತ್ತಿದ್ದರು. ಬಳಿಕ ತುಕ್ಕನ್ನು ಉಜ್ಜಿ ತೆಗೆದು, ಪ್ರೈಮರ್ ಹೊಡೆದು, ಹೊಸ ಸೀಲೆಂಟ್ ಬಳಿದರು. ಕೊನೆಗೆ ನನ್ನನ್ನು ಟಾರ್ಚಿನೊಂದಿಗೆ ಡಿಕ್ಕಿಯೊಳಗೆ ಕೂರಿಸಿ, ಬಾಗಿಲು ಮುಚ್ಚಿ, ಹೊರಗಿನಿಂದ ಹತ್ತು ನಿಮಿಷ ಪೈಪಿನಲ್ಲಿ ನೀರು ಬಿಟ್ಟರು. ಒಂದು ಹನಿಯೂ ಒಳಗೆ ಬರಲಿಲ್ಲ. ಈ ನೀರಿನ ಪರೀಕ್ಷೆ ಮಾಡಿಸದೆ ನೀವೂ ಕಾರನ್ನು ಗ್ಯಾರೇಜಿನಿಂದ ತರಬೇಡಿ. ಕಾರು ಒಂದು ಪಕ್ಕಕ್ಕೆ ಎಳೆಯುತ್ತಿದ್ದರೆ ವೀಲ್ ಅಲೈನ್‌ಮೆಂಟ್ ತೋರಿಸುವಾಗ ಹಿಂದಿನ ಚಕ್ರಗಳ ಅಳತೆಯನ್ನೂ ಕೇಳಿ ಪಡೆಯಿರಿ.

ಈಗ ವಿಮೆಯ ಲೆಕ್ಕ. ಸಾಮಾನ್ಯ ಸಮಗ್ರ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಕ್ಕೆ ಶೇ. 50 ಸವಕಳಿ ಕಳೆಯುತ್ತಾರೆ. 1500 ಸಿಸಿವರೆಗಿನ ಕಾರಿಗೆ ಇನ್ನೂ 1,000 ರೂಪಾಯಿ ಕಡ್ಡಾಯವಾಗಿ ನಿಮ್ಮ ಕೈಯಿಂದ ಹೋಗುತ್ತದೆ. ಅಂದರೆ 6,000 ರೂಪಾಯಿಯ ಬಂಪರಿಗೆ ಸಿಗುವುದು 2,000 ಮಾತ್ರ. ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗಾಗಿ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಸೊನ್ನೆಗಿಳಿದು, ಮತ್ತೆ ಶೇ. 20, 25, 35, 45 ಎಂದು ಹತ್ತಿ 50ಕ್ಕೆ ಬರಬೇಕು. ನಿಮ್ಮ ಕಾರಿನ ಸ್ವಂತ ಹಾನಿಯ ಪ್ರೀಮಿಯಂ 8,000 ಎಂದು ಇಟ್ಟುಕೊಂಡರೆ, ಶೇ. 50ರ ಬೋನಸ್ಸಿನಲ್ಲಿ ಐದು ವರ್ಷಕ್ಕೆ ಕಟ್ಟುವುದು 20,000. ಬೋನಸ್ ಕಳೆದುಕೊಂಡರೆ 30,000. ಆದ್ದರಿಂದ ಬಣ್ಣಕ್ಕಷ್ಟೇ ಮುಗಿಯುವ ಕೆಲಸಕ್ಕೆ ಕ್ಲೇಮ್ ಮಾಡುವುದು ನಷ್ಟ. ಅಡ್ಡಪಟ್ಟಿ, ತಗಡು, ದೀಪ ಎಲ್ಲವೂ ಸೇರಿ ಖರ್ಚು ಬೆಳೆದರೆ, ಅಥವಾ ಸವಕಳಿ ಕಳೆಯದ ಝೀರೋ ಡೆಪ್ ಪಾಲಿಸಿ ಇದ್ದರೆ, ಕ್ಲೇಮ್ ಮಾಡಿ. ಹಾಗೆ ಮಾಡುವುದಾದರೆ ಕಂಪನಿಗೆ ತಿಳಿಸಿ, ಹಾನಿ ಅಂದಾಜಿಸುವ ಅವರ ಸರ್ವೇಯರ್ ನೋಡುವವರೆಗೆ ಬಂಪರಿನ ದುರಸ್ತಿಗೆ ಕೈ ಹಚ್ಚಬಾರದು. ಆಟೊದ ಥರ್ಡ್ ಪಾರ್ಟಿ ವಿಮೆಯಿಂದ ಪಡೆಯುವ ದಾರಿಯೂ ಇದೆ, ಆದರೆ ಅದು ಪೊಲೀಸ್ ದೂರು, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಎಂದು ಬೆಳೆಯುವ ದಾರಿ. ಈ ಮೊತ್ತಕ್ಕೆ ನಾನಂತೂ ಅದನ್ನು ಹಿಡಿಯಲಾರೆ.

ಆಟೊದವರ ಹೆಸರು, ಗಾಡಿ ನಂಬರ್ ಮತ್ತು ಫೋನ್ ನಂಬರ್ ನಿಮ್ಮಲ್ಲಿದ್ದರೆ, ಬಂಪರ್ ಬಿಚ್ಚಿಸಿ ಅಂದಾಜು ಪಟ್ಟಿ ಪಡೆಯುವವರೆಗೆ ಎರಡು ದಿನದ ಸಮಯ ಕೇಳಿ, ಅಲ್ಲಿಯವರೆಗೆ ಇನ್ನೇನೂ ಬಾಕಿಯಿಲ್ಲವೆಂದು ಬರೆದುಕೊಡಬೇಡಿ. ಡಿಕ್ಕಿಯ ಹಾಸು ಎತ್ತಿ ತೆಗೆದ ಚಿತ್ರವನ್ನು ಇಲ್ಲಿ ಹಾಕಿದರೆ ನೋಡಿ ಹೇಳುತ್ತೇನೆ.