ಗೈಡ್ ಆಮೇಲೆ, ಮೊದಲು ಪುಸ್ತಕ

*ಮಗಳು ಬಿ.ಎ. ಓದುತ್ತಿದ್ದಾಳೆ. ಸ್ಟೀವನ್‌ಸನ್ ಬರೆದ ‘ಡಾಕ್ಟರ್ ಜೆಕಿಲ್ ಅಂಡ್ ಮಿಸ್ಟರ್ ಹೈಡ್’ ಪಠ್ಯಕ್ಕಿದೆ. ಒಳ್ಳೆಯವನೊಬ್ಬ, ಕೆಟ್ಟವನೊಬ್ಬ, ಇಬ್ಬರೂ ಒಂದೇ ಆಳು. ಎಲ್ಲರಿಗೂ ಗೊತ್ತಿರುವ ಕಥೆ. ಆದರೂ ಇವಳು ರಾತ್ರಿಯೆಲ್ಲ ಪುಸ್ತಕ ಹಿಡಿದು ಕೂರುತ್ತಾಳೆ. ಗೈಡ್ ಓದಿದರೆ ಸಾಲದೇ?*
– ಓದುಗರೊಬ್ಬರು, ಹಾಸನ

ಅಮ್ಮಾ, ನಿಮ್ಮ ಆತಂಕ ಅರ್ಥವಾಗುತ್ತದೆ. ಬೇರೆ ವಿಷಯಗಳೂ ಇವೆ, ಗೈಡ್ ಓದಿದರೆ ಪಾಸಾಗಬಹುದು. ಅಷ್ಟನ್ನು ಒಪ್ಪುತ್ತೇನೆ. ಆದರೆ ‘ಒಳ್ಳೆಯವನೊಬ್ಬ, ಕೆಟ್ಟವನೊಬ್ಬ’ ಅಂದಿರಲ್ಲ, ಅದು ಗೈಡಿನ ಮಾತು. ಪುಸ್ತಕದಲ್ಲಿ ಹಾಗಿಲ್ಲ.

ಮೊದಲ ಅಧ್ಯಾಯವನ್ನೇ ನೋಡಿ. ಲಂಡನ್, ಚಳಿಗಾಲ, ಬೆಳಗಿನ ಜಾವ ಮೂರು ಗಂಟೆ. ಹೈಡ್ ಒಬ್ಬ ಪುಟ್ಟ ಹುಡುಗಿಯನ್ನು ತುಳಿದುಕೊಂಡೇ ಹೋಗುತ್ತಾನೆ. ಜನ ಹಿಡಿದು ನಿಲ್ಲಿಸಿ ನೂರು ಪೌಂಡ್ ಕಕ್ಕಿಸುತ್ತಾರೆ. ಅವನು ಒಂದು ಬಾಗಿಲ ಬೀಗ ತೆಗೆದು ಒಳಗೆ ಹೋಗಿ ಬರುತ್ತಾನೆ. ಕೈಯಲ್ಲಿ ಹತ್ತು ಪೌಂಡಿನ ಚಿನ್ನದ ನಾಣ್ಯ, ಉಳಿದದ್ದಕ್ಕೆ ಚೆಕ್. ಚೆಕ್ಕಿನ ಮೇಲಿರುವುದು ಊರಿಗೇ ಬೇಕಾದ ದೊಡ್ಡ ಮನುಷ್ಯನ ಹೆಸರು. ಖೋಟಾ ಇರಬೇಕು ಅಂತ ಬೆಳಗಾದ ಮೇಲೆ ಬ್ಯಾಂಕಿಗೆ ಹೋದರೆ, ಅಪ್ಪಟ ಅಸಲಿ! ತುಳಿದವನು ಹೈಡ್, ದುಡ್ಡು ಜೆಕಿಲ್‌ನದು. ಇಡೀ ಕಾದಂಬರಿ ಆ ಚೆಕ್ಕಿನಲ್ಲಿದೆ. ನಾನು ನೋಡಿದ ಯಾವ ಗೈಡೂ ಅದರ ಹತ್ತಿರ ನಿಂತಿಲ್ಲ.

ಕೊನೆಯ ಅಧ್ಯಾಯದಲ್ಲಿ ಜೆಕಿಲ್ ತಾನೇ ಎಲ್ಲ ಒಪ್ಪಿಕೊಳ್ಳುತ್ತಾನೆ. ಹೈಡ್ ಪೂರ್ತಿ ಕೆಟ್ಟವನು, ನಿಜ. ಜೆಕಿಲ್ ಮಾತ್ರ, ತನ್ನನ್ನು ಹೈಡ್ ಆಗಿಸುವ ಮದ್ದು ಕುಡಿದ ಮೇಲೂ, ಅದೇ ಹಳೆಯ ಬೆರಕೆ ಮನುಷ್ಯ. ಅವನಿಗೆ ಚಪಲಗಳಿದ್ದವು. ನಾಲ್ಕು ಜನರೆದುರು ತಲೆಯೆತ್ತಿ ನಡೆಯುವ ಆಸೆ ಅದಕ್ಕಿಂತ ಜಾಸ್ತಿ ಇತ್ತು. ಎರಡೂ ಬೇಕಾಗಿ ಮದ್ದು ಕುಡಿದ. ಹೈಡ್ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆದ, ಅಕ್ಷರವನ್ನು ಹಿಂದಕ್ಕೆ ಓರೆಮಾಡಿ ಅವನಿಗೊಂದು ಸಹಿಯನ್ನೂ ಮಾಡಿಕೊಟ್ಟ. ಕೆಡುಕು ಇದ್ದದ್ದು ಜೆಕಿಲ್‌ನಲ್ಲೇ, ಅವನು ಕಪಟಿ ಅಂತ ಸ್ಟೀವನ್‌ಸನ್ 1887ರ ಒಂದು ಪತ್ರದಲ್ಲಿ ಖಡಾಖಂಡಿತವಾಗಿ ಬರೆದಿದ್ದಾರೆ. ಅವರು ಬೆಳೆದದ್ದು ಎಡಿನ್‌ಬರೋದಲ್ಲಿ. ಅದೇ ಊರಿನ ವಿಲಿಯಂ ಬ್ರೋಡಿ ಹಗಲು ಮರಗೆಲಸದ ಮೇಸ್ತ್ರಿ, ನಗರಸಭೆಯ ಸದಸ್ಯ. ರಾತ್ರಿ ಕನ್ನಗಳ್ಳ. 1788ರಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನು ಮಾಡಿದ ಬೀರುವೊಂದು ಬಾಲಕ ಸ್ಟೀವನ್‌ಸನ್ ಕೋಣೆಯಲ್ಲೇ ಇತ್ತು.

ಇನ್ನು ‘ಎಲ್ಲರಿಗೂ ಗೊತ್ತಿರುವ ಕಥೆ’. ಅದು ನಾಟಕ, ಸಿನಿಮಾಗಳು ಹಬ್ಬಿಸಿದ ಕಥೆ ತಾಯಿ. ಪುಸ್ತಕ ಬಂದ ಮರುವರ್ಷವೇ ಬಾಸ್ಟನ್ನಿನಲ್ಲಿ ನಾಟಕವಾಯಿತು, ಜೆಕಿಲ್‌ಗೆ ಮದುವೆ ಗೊತ್ತಾದ ಹುಡುಗಿಯೊಬ್ಬಳು ಅಲ್ಲಿ ಹುಟ್ಟಿಕೊಂಡಳು. ಪುಸ್ತಕದಲ್ಲಿ ಅವಳಿಲ್ಲ. 1886ರ ಜನವರಿಯಲ್ಲಿ ಓದಿದವರಿಗೆ ಇಬ್ಬರೂ ಒಬ್ಬನೇ ಎಂಬುದೇ ಗೊತ್ತಿರಲಿಲ್ಲ. ಗುಟ್ಟು ಬಿಚ್ಚಿಕೊಳ್ಳುವುದು ಹತ್ತು ಅಧ್ಯಾಯಗಳಲ್ಲಿ ಒಂಬತ್ತನೆಯದರಲ್ಲಿ. ಗೈಡ್ ಅದನ್ನು ಮೊದಲ ಸಾಲಲ್ಲೇ ಹೇಳಿಬಿಡುತ್ತದೆ. ಆಮೇಲೆ ಓದುವ ಖುಷಿ ಎಲ್ಲಿಂದ ಬರಬೇಕು?

ನನಗೆ ಸಿಟ್ಟಿರುವುದು ಮಕ್ಕಳ ಮೇಲಲ್ಲ. ನಮ್ಮ ಕಾಲೇಜಿನಲ್ಲಿ ಮೇಷ್ಟ್ರೊಬ್ಬರು ವರ್ಷವಿಡೀ ನೋಟ್ಸ್ ಬರೆಸಿದರು, ಪುಸ್ತಕವನ್ನು ಒಮ್ಮೆಯೂ ತರಗತಿಗೆ ತರಲಿಲ್ಲ. ಉತ್ತರಪತ್ರಿಕೆ ತಿದ್ದುವ ಗೆಳೆಯರೊಬ್ಬರು ಹೇಳುತ್ತಾರೆ, ಕಟ್ಟು ಬಿಚ್ಚಿದರೆ ಒಂದರ ಮೇಲೊಂದು ಅದೇ ಪ್ಯಾರಾ, ಅದೇ ಕಾಗುಣಿತದ ತಪ್ಪು. ಕೇಳಿದ ಪ್ರಶ್ನೆಯನ್ನೇ ತಿರುಗಾ ಕೇಳಿದರೆ ಇನ್ನೇನಾಗುತ್ತದೆ? ಬೆಂಗಳೂರಿನ ಅವೆನ್ಯೂ ರಸ್ತೆಯ ಪುಸ್ತಕದಂಗಡಿಗಳಲ್ಲಿ ಗೈಡ್ ಕೇಳುವವರ ನೂಕುನುಗ್ಗಲು, ಎಷ್ಟೋ ಕಾಲೇಜುಗಳ ಗ್ರಂಥಾಲಯದ ಬೀರುಗಳಿಗೆ ಬೀಗ. ಇಂಥದ್ದರ ನಡುವೆ ಒಬ್ಬ ಹುಡುಗಿ ತಾನಾಗಿಯೇ ಕಾದಂಬರಿ ಹಿಡಿದಿದ್ದಾಳೆ, ಅವಳನ್ನು ತಡೆಯುತ್ತೀರಾ?

ಜೆಕಿಲ್ ಒಂದು ಬೆಳಿಗ್ಗೆ ಎದ್ದು ಹೊದಿಕೆಯ ಮೇಲಿದ್ದ ತನ್ನ ಕೈ ನೋಡಿಕೊಳ್ಳುತ್ತಾನೆ. ಮಲಗುವಾಗ ಬೆಳ್ಳಗೆ, ದುಂಡಗೆ ಇದ್ದ ಕೈ ಈಗ ನರ ಎದ್ದು, ರೋಮ ತುಂಬಿಕೊಂಡಿದೆ. ಮದ್ದು ಕುಡಿಯದೆಯೇ ಹೈಡ್ ಆಗಿಬಿಟ್ಟಿದ್ದಾನೆ. ನಿಮ್ಮ ಮಗಳು ಅಲ್ಲಿಗೆ ಬಂದಳಾ ಕೇಳಿ. ಬಂದಿದ್ದರೆ ಆ ಪುಟ ಜೋರಾಗಿ ಓದಿಸಿ, ಅರ್ಥ ಹೇಳಿಸಿಕೊಳ್ಳಿ. ಗೈಡ್ ಬೇಕೇ ಬೇಕು ಅಂದರೆ ಪುಸ್ತಕ ಮುಗಿದ ಮೇಲೆ ಕೊಡಿಸಿ.

– ಸಂ.